ಖಾಲಿ ಬಿಡತಕ್ಕದ್ದಲ್ಲ

ವೇದಿಕೆಯ ನಡುವೆ ಕುಳಿತು ಆಗಲೇ ಒಮ್ಮೆ ಗಡಿಯಾರ ನೋಡಿಕೊಂಡಿರುವ ನಮ್ಮ ಬಳಗದ ಅಧ್ಯಕ್ಷರಾದ ಶ್ರೀ ಶಾಂತಕುಮಾರ ಅವರೇ, ನನ್ನಲ್ಲಿ ನನಗೇ ಗೊತ್ತಿಲ್ಲದ ಗುಣಗಳನ್ನು ಹುಡುಕಿ ಹೇಳಿದ ಮುಖ್ಯ ಅತಿಥಿಗಳೇ, ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಜಾಗ ಹಿಡಿದಿರುವ ಜಾಣರೇ, ತಾಯಂದಿರೇ, ಸಭಿಕರೇ,

ಶಾಲು ಹೊದಿಸಿದಿರಿ, ಪೇಟ ತೊಡಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ‘ಕಳಂಕರಹಿತ ಅಧಿಕಾರಿ ಕಲ್ಯಾಣಪ್ಪನವರಿಗೆ ಸನ್ಮಾನ’ ಎಂದು ಬ್ಯಾನರಿನಲ್ಲಿ ದಪ್ಪಕ್ಷರದಲ್ಲಿ ಬರೆಸಿದ್ದೀರಿ. ಮೂವತ್ನಾಲ್ಕು ವರ್ಷ ತೆರಿಗೆ ಕಚೇರಿಯಲ್ಲಿದ್ದವನಿಗೆ ಜನ ಹೆದರಿ ನಮಸ್ಕಾರ ಮಾಡುವುದು ರೂಢಿ. ನಿವೃತ್ತಿಯಾದ ಹತ್ತನೇ ತಿಂಗಳಲ್ಲೂ ಮಾಡುತ್ತಾರೆಂದರೆ, ಒಂದೋ ಅದು ಪ್ರೀತಿ, ಇಲ್ಲವೇ ನಾನು ನಿವೃತ್ತನಾದದ್ದು ಇನ್ನೂ ಅವರಿಗೆ ಗೊತ್ತಾಗಿಲ್ಲ.

ನಾನು ಯಾವ ಕಚೇರಿಯಲ್ಲಿದ್ದೆ ಎಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಹೆಸರು ಬೇಡ, ಪತ್ರಿಕೆಯವರೂ ಬಂದಿದ್ದಾರೆ. ಕೊನೆಯ ಐದು ವರ್ಷ ನನ್ನದು ವಿನಾಯಿತಿ ವಿಭಾಗ. ಟ್ರಸ್ಟು, ಸಂಘ, ಬಳಗಗಳು ಬಂದು, ‘ನಾವು ಲಾಭಕ್ಕಾಗಿ ಇಲ್ಲ, ನಮಗೆ ತೆರಿಗೆಯಿಂದ ವಿನಾಯಿತಿ ಕೊಡಿ’ ಎಂದು ಅರ್ಜಿ ಹಾಕುತ್ತವೆ. ಅರ್ಜಿ ನಿಜವೋ ಸುಳ್ಳೋ ನೋಡಿ ಷರಾ ಬರೆಯುವುದು ನನ್ನ ಕೆಲಸ. ಈ ಪರನಾಡಿನ ನಗರದಲ್ಲಿ ಕನ್ನಡಿಗರು ಕಟ್ಟಿಕೊಂಡಿರುವ ನಮ್ಮ ಈ ಬಳಗದ ಅರ್ಜಿಯೂ ನನ್ನ ಮೇಜಿಗೇ ಬಂದಿತ್ತು. ಒಂಬತ್ತು ದಿನದಲ್ಲಿ ಪ್ರಮಾಣಪತ್ರ ಹೊರಟಿತು. ಶಾಂತಕುಮಾರರು ಪೇಡೆ ಹಂಚಿದರು. ಒಂಬತ್ತೇ ದಿನದಲ್ಲಿ ಹೇಗಾಯಿತು ಎಂದು ಅಂದು ಯಾರಾದರೂ ಕೇಳಿದಿರಾ? ಪೇಡೆ ಚೆನ್ನಾಗಿತ್ತು, ನಾನೂ ಕೇಳಲಿಲ್ಲ.

ಹೇಗಾಯಿತೆಂದರೆ, ಅರ್ಜಿಯ ಜೊತೆ ನಮ್ಮ ವಾರ್ಷಿಕ ಸಂಚಿಕೆ ಇತ್ತು. ಅದರ ಮುಖಪುಟದಲ್ಲಿ ಯಾವ ಪಕ್ಷದ ನಾಯಕರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದೆವು ಎಂಬುದನ್ನು ನಮ್ಮ ದೊಡ್ಡ ಸಾಹೇಬರು ನೋಡಿದರು. ಅಷ್ಟೇ. ಇನ್ನು ಕೆಲವು ಅರ್ಜಿಗಳು ಬೇರೆ ಕಪಾಟಿಗೆ ಹೋಗುತ್ತಿದ್ದವು. ‘ಹಕ್ಕು’, ‘ಕಾರ್ಮಿಕ’, ‘ಹೋರಾಟ’, ಇಂಥ ಮಾತು ಹೆಸರಿನಲ್ಲಿದ್ದರೆ ಎತ್ತಿಡಿ, ಪ್ರಶ್ನೆ ಕೇಳುತ್ತಾ ಇರಿ ಎಂದು ಸಾಹೇಬರು ಬಾಯಿಮಾತಿನಲ್ಲಿ ಹೇಳಿದ್ದರು. ಮೇಲಿನವರದು ಬಾಯಿಮಾತು, ಕೆಳಗಿನವರದು ಕೈಬರಹ. ನಾಳೆ ಸಿಕ್ಕಿಬೀಳುವುದು ಕೈಬರಹವೇ ಅಲ್ಲವೇ?

ಆದರೆ ಎಲ್ಲವನ್ನೂ ಸಾಹೇಬರ ತಲೆಗೆ ಕಟ್ಟಿದರೆ ದೇವರು ಮೆಚ್ಚುವುದಿಲ್ಲ. ನನ್ನ ತಂದೆ ಸೂಗಪ್ಪನವರು ಹುಮನಾಬಾದಿನ ಎಣ್ಣೆ ಗಿರಣಿಯಲ್ಲಿ ಸಂಘ ಕಟ್ಟಿ ಕೆಲಸ ಕಳೆದುಕೊಂಡವರು. ಮೂರು ವರ್ಷ ಮನೆಯಲ್ಲಿ ಕೂತರು. ತಾಯಿ ಊರವರ ರೊಟ್ಟಿ ಬಡಿದು ನಮ್ಮನ್ನು ಸಾಕಿದಳು. ಅಂದಿನಿಂದ ಹಕ್ಕು ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈಯುರಿ. ಸಾಹೇಬರು ಹೇಳದಿದ್ದರೂ ಆ ಅರ್ಜಿಗಳನ್ನು ನಾನು ಎತ್ತಿಡುತ್ತಿದ್ದೆನೇನೋ. ಇದನ್ನು ಇಲ್ಲಿ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಇರಲಿ.

ಆ ಕಪಾಟಿನಲ್ಲಿ ಒಂದು ಅರ್ಜಿ ಇತ್ತು, ‘ಉಸಿರು ಹಕ್ಕು ಟ್ರಸ್ಟ್’. ಇದೇ ನಗರದ ನಾಚಾರಂ ಕಡೆ ಬಿಳಿ ಕಲ್ಲನ್ನು ಅರೆದು ಹಿಟ್ಟು ಮಾಡುವ ಗಿರಣಿಯೊಂದಿತ್ತು, ಈಗ ಮುಚ್ಚಿದೆ. ಅಲ್ಲಿ ದುಡಿದವರ ಎದೆಯೊಳಗೆ ಕಲ್ಲಿನ ಧೂಳು ಕೂತು, ಕೆಮ್ಮು ಹತ್ತಿ, ಉಸಿರು ಸಾಲದಾಗುತ್ತದೆ. ಹೆಚ್ಚಿನವರು ಯಾದಗಿರಿ, ನಾರಾಯಣಪೇಟೆ ಕಡೆಯ ನಮ್ಮ ಜನವೇ. ಅಂಥ ಮೂವತ್ತೊಂದು ರೋಗಿಗಳಿಗಾಗಿ ಟ್ರಸ್ಟ್ ಕಟ್ಟಿದವರು ಶಿವದೇವಿ ಎಂಬ ಹೆಣ್ಣುಮಗಳು. ಉಸಿರಾಟದ ಯಂತ್ರಗಳನ್ನು ಕೊಡಲು ದಾನಿಯೊಬ್ಬರು ಸಿದ್ಧರಿದ್ದರು, ವಿನಾಯಿತಿಯ ಪ್ರಮಾಣಪತ್ರ ಕೈಗೆ ಬಂದರೆ ಮಾತ್ರ. ಇದೆಲ್ಲ ಅರ್ಜಿಯಲ್ಲೇ ಇತ್ತು. ನಾನು ಪ್ರಶ್ನೆ ಕೇಳುತ್ತಾ ಹೋದೆ.

ಈಗ ಎಲ್ಲವೂ ಆನ್‌ಲೈನ್. ಆದರೂ ಫಲಾನುಭವಿಗಳ ಪಟ್ಟಿಯನ್ನು ಸಹಿ ಹೆಬ್ಬೆಟ್ಟು ಸಮೇತ ಕಾಗದದ ಮೇಲೆಯೇ ತರಿಸಿಕೊಳ್ಳುತ್ತಿದ್ದೆ. ಮೊದಲ ಪಟ್ಟಿಯಲ್ಲಿ ಮೂವತ್ತೊಂದು ಸಹಿ. ಐದು ತಿಂಗಳ ಮೇಲೆ ಹೊಸದಾಗಿ ಸಹಿ ಹಾಕಿಸಿ ಕಳಿಸಿ ಎಂದೆ. ಬಂತು. ನಾಲ್ಕು ಹೆಸರುಗಳ ಎದುರು ಸಹಿ ಇರಲಿಲ್ಲ. ಮತ್ತೆ ಏಳು ತಿಂಗಳ ಮೇಲೆ ಕೇಳಿದೆ. ಹನ್ನೊಂದು ಕಡೆ ಇರಲಿಲ್ಲ. ಏಕೆ ಇಲ್ಲ ಎಂದು ಶಿವದೇವಮ್ಮ ಜೊತೆಗಿನ ಪತ್ರದಲ್ಲಿ ಪ್ರತಿಸಲವೂ ಬರೆದಿದ್ದರು. ನಾನು ಪತ್ರ ಓದಲಿಲ್ಲ. ಪತ್ರದಲ್ಲಿ ಗೋಳಿರುತ್ತದೆ, ಲಗತ್ತಿನಲ್ಲಿ ಮಾಹಿತಿ ಇರುತ್ತದೆ, ಲಗತ್ತು ನೋಡಿದರೆ ಸಾಕು ಎಂದು ಹೊಸಬರಿಗೆಲ್ಲ ಪಾಠ ಹೇಳಿದವನು ನಾನು. ಪಟ್ಟಿಯ ಮೇಲೆ ಕೆಂಪು ಶಾಯಿಯಲ್ಲಿ ಷರಾ ಬರೆದು ತಿರುಗಿ ಕಳಿಸಿದೆ: ‘ಯಾವುದೇ ಅಂಕಣವನ್ನು ಖಾಲಿ ಬಿಡತಕ್ಕದ್ದಲ್ಲ. ಸದರಿ ವ್ಯಕ್ತಿಗಳು ಖುದ್ದಾಗಿ ಸಹಿ ಮಾಡತಕ್ಕದ್ದು.’

ಎಂಟು ದಿನದಲ್ಲಿ ಪಟ್ಟಿ ತುಂಬಿ ಬಂತು. ಮೂವತ್ತೊಂದೂ ಸಹಿ.

ಸುಳ್ಳು ಹಿಡಿದುಬಿಟ್ಟೆ ಅನ್ನಿಸಿತು. ಬೆದರಿಸಿದ ಕೂಡಲೇ ಹನ್ನೊಂದು ಸಹಿ ಎಲ್ಲಿಂದ ಬಂದವು? ಪಟ್ಟಿಯಲ್ಲಿರುವವರೆಲ್ಲ ಖುದ್ದಾಗಿ ಹಾಜರಿರತಕ್ಕದ್ದು ಎಂದು ಬರೆದು ತಿಳಿಸಿ, ಸ್ಥಳ ಪರಿಶೀಲನೆಗೆ ಹೊರಟೆ. ಮಟಮಟ ಮಧ್ಯಾಹ್ನ, ಟ್ರಸ್ಟಿನ ಕಚೇರಿ ಎಂದರೆ ಆ ಮುಚ್ಚಿದ ಗಿರಣಿಯ ಪಕ್ಕದಲ್ಲೇ, ವೆಲ್ಡಿಂಗ್ ಅಂಗಡಿಯ ಮೇಲಿನ ಒಂದು ಕೋಣೆ. ನನಗೊಂದು ಅಭ್ಯಾಸ, ಎಲ್ಲಿಗೆ ಹೋದರೂ ಒಳಗೆ ಕಾಲಿಡುವ ಮೊದಲು ಬಾಗಿಲ ಬಳಿಯ ಚಪ್ಪಲಿ ಎಣಿಸುತ್ತೇನೆ. ಒಳಗಿನವರು ಎಷ್ಟು ಜನ ಎಂದು ಬಾಯಲ್ಲಿ ಸುಳ್ಳು ಹೇಳಬಹುದು, ಚಪ್ಪಲಿ ಹೇಳುವುದಿಲ್ಲ. ಶಿವದೇವಮ್ಮನವರದನ್ನು ಬಿಟ್ಟು ಇಪ್ಪತ್ತು ಜೊತೆ ಇದ್ದವು. ಒಳಗೆ ಹೋಗಿ ಹಾಜರಿ ಕರೆದೆ. ಮೂವತ್ತೊಂದು ಜನ ಓಗೊಟ್ಟರು. ಹನ್ನೊಂದು ಜನ ಬರಿಗಾಲಲ್ಲಿ ಬಂದಿದ್ದಾರೆ, ಪಾಪ, ಬಡವರು ಎಂದುಕೊಂಡೆ.

ಅಧ್ಯಕ್ಷರೇ, ಇನ್ನು ಹತ್ತು ನಿಮಿಷ. ಚೀಟಿ ಕಳಿಸಬೇಡಿ, ನಾನು ಓದುವುದಿಲ್ಲ.

ಹಾಜರಿ ಕರೆಯುವಾಗ ಒಂದು ಸಂಗತಿ ಗಮನಿಸಿದೆ. ಹೆಸರು ಕರೆದರೆ ಹೆಚ್ಚಿನವರು ಮೊದಲು ಕೆಮ್ಮುತ್ತಿದ್ದರು. ಗೋಡೆ ಹಿಡಿದು, ಬಾಗಿ, ಉಸಿರು ಕೂಡಿಸಿಕೊಂಡು ಆಮೇಲೆ ‘ಅದೀನ್ರಿ’ ಎನ್ನುತ್ತಿದ್ದರು. ಅಂಥವರು ಇಪ್ಪತ್ತು ಮಂದಿ. ಉಳಿದವರು ಕಿಟಕಿಯ ಎದುರಿನ ಗೋಡೆಗೆ ಸಾಲಾಗಿ ಕೂತಿದ್ದರು. ಕೆಮ್ಮಿಲ್ಲ, ಏದುಸಿರಿಲ್ಲ. ಹೆಸರು ಕರೆಯುವುದೇ ತಡ, ‘ಅದೀನ್ರಿ’ ಎಂದು ತಣ್ಣಗೆ ಹೇಳುತ್ತಿದ್ದರು. ಅಂಥವರು ಹನ್ನೊಂದು. ಆ ಗೋಡೆಯ ಕಡೆ ತಿರುಗಿದಾಗಲೆಲ್ಲ ನನ್ನ ಮುಂಗೈ ಕೂದಲು ನಿಲ್ಲುತ್ತಿತ್ತು. ಎಲ್ಲಿಂದಲೋ ಗಾಳಿ ಬರುತ್ತಿದೆ ಎಂದುಕೊಂಡೆ. ಕಿಟಕಿ ಮುಚ್ಚಿತ್ತು.

ಕಚೇರಿಗೆ ಬಂದು ವರದಿ ಬರೆದೆ. ಶಬ್ದ ಶಬ್ದ ನೆನಪಿದೆ. ‘ಮೂವತ್ತೊಂದು ಜನರನ್ನೂ ಖುದ್ದಾಗಿ ಕಂಡಿದ್ದೇನೆ. ಈ ಪೈಕಿ ಹನ್ನೊಂದು ಮಂದಿ ಪೂರ್ಣ ಆರೋಗ್ಯವಂತರು. ರೋಗಿಗಳೆಂದು ಸುಳ್ಳು ಹೇಳಿ ಜನ ಕೂಡಿಸಲಾಗಿದೆ. ಉದ್ದೇಶ ರಾಜಕೀಯವಾಗಿರುವಂತಿದೆ. ಅರ್ಜಿ ತಿರಸ್ಕರಿಸಬಹುದು.’ ಕೆಳಗೆ ನನ್ನ ಸಹಿ. ಸಾಹೇಬರು ಬೆನ್ನು ತಟ್ಟಿದರು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ?

ಆದೇಶ ತಲುಪಿದ ವಾರದಲ್ಲೇ ಶಿವದೇವಮ್ಮ ಕಚೇರಿಗೆ ಬಂದರು. ಅಳಲಿಲ್ಲ, ಜಗಳ ಆಡಲಿಲ್ಲ. ಆರೋಗ್ಯವಂತರು ಯಾರ್ಯಾರು, ಹೆಸರು ಓದಿ ಹೇಳಬೇಕು ಎಂದು ಕೇಳಿಕೊಂಡರು. ನಾನು ಗುರುತು ಹಾಕಿಟ್ಟಿದ್ದೆ, ಜೋರಾಗಿಯೇ ಓದಿದೆ. ಒಂದೊಂದು ಹೆಸರಿಗೂ ಅವರು ಚೀಲದಿಂದ ಒಂದೊಂದು ಕಾಗದ ತೆಗೆದು ನನ್ನ ಮೇಜಿನ ಮೇಲಿಟ್ಟರು. ಹನ್ನೊಂದು ಹೆಸರು, ಹನ್ನೊಂದು ಮರಣ ಪ್ರಮಾಣಪತ್ರ. ಎಲ್ಲವೂ ನಾನು ಹಾಜರಿ ಕರೆದ ದಿನಕ್ಕಿಂತ ಹಿಂದಿನವು. ಅರ್ಜಿ ಕಪಾಟಿನಲ್ಲಿದ್ದ ಆ ಒಂದು ವರ್ಷದವು.

ಹಾಗಾದರೆ ಸಹಿ ಮಾಡಿದವರು ಯಾರು ಎಂದು ಗದರಿದೆ. ಅವರು ಹೇಳಿದ್ದಿಷ್ಟು. ನನ್ನ ಕೆಂಪು ಶಾಯಿಯ ಷರಾವನ್ನು ಆ ಕೋಣೆಯಲ್ಲಿ ಗಟ್ಟಿಯಾಗಿ ಓದಿ, ಇನ್ನು ಏನು ಮಾಡುವುದೆಂದು ತೋಚದೆ, ಪಟ್ಟಿಯನ್ನು ಮೇಜಿನ ಮೇಲಿಟ್ಟು ಕೀಲಿ ಹಾಕಿಕೊಂಡು ಹೋಗಿದ್ದರಂತೆ. ಬೆಳಿಗ್ಗೆ ಬಂದರೆ ತುಂಬಿತ್ತಂತೆ, ಹಾಗೆಯೇ ಕಳಿಸಿಬಿಟ್ಟರಂತೆ. ನಾನು ಹಾಜರಿ ಕರೆದ ದಿನ ಹನ್ನೊಂದು ಹೆಸರಿಗೆ ಅವರಿಗೆ ಯಾವ ಉತ್ತರವೂ ಕೇಳಿಸಲಿಲ್ಲವಂತೆ.

‘ನೀವೊಬ್ರ ಖಾಲಿ ಗ್ವಾಡಿ ನೋಡಿ ತಲಿ ಆಡ್ಸಿ ಗೀಟು ಹಾಕಾಕತ್ತಿದ್ರಿ. ಸರ್ಟಿಫಿಕೇಟ್ ಆಗ್ತೈತಲ್ಲ ಅಂತ ನಾ ಬಾಯಿ ಮುಚ್ಚಿಕೊಂಡೆ. ಅದು ನನ್ನ ತಪ್ಪರಿ,’ ಎಂದರು. ಆಮೇಲೆ ಎದ್ದು ನಿಂತು, ತಗ್ಗಿದ ದನಿಯಲ್ಲಿ ಒಂದು ಮಾತು ಕೇಳಿದರು. ‘ಏಳನೇ ನಂಬರ್, ಮಲ್ಲಪ್ಪ, ನಮ್ಮ ಮನಿಯವರು. ನೀವು ಕಂಡೀರಲ್ಲ, ಅವರ ಉಸುರು ಹೆಂಗಿತ್ರಿ?’

ನೆನಪಿಲ್ಲ ಎಂದೆ. ನೆನಪಿತ್ತು.

ಸಭಿಕರೇ, ಆ ಕಪಾಟಿನ ಸುದ್ದಿ ಈಗ ಪತ್ರಿಕೆಗಳಲ್ಲಿ ಬಂದಿದೆ, ನೀವೂ ಓದಿದ್ದೀರಿ. ಪಕ್ಷ ನೋಡಿ ಅರ್ಜಿ ಎತ್ತಿಟ್ಟರು ಎಂಬ ಆರೋಪದ ಮೇಲೆ ವಿಚಾರಣೆ ನಡೆದಿದೆ. ಪಕ್ಷಪಾತ ಇಲ್ಲವೇ ಇಲ್ಲ, ಶಿವದೇವಿ ಎಂಬಾಕೆ ಸತ್ತವರ ಸಹಿ ತಾನೇ ಮಾಡಿ ಸರ್ಕಾರಕ್ಕೆ ಮೋಸ ಮಾಡಿದ್ದಾಳೆ ಎಂದು ನಮ್ಮ ಕಚೇರಿ ಉತ್ತರ ಕೊಟ್ಟಿದೆ. ಫೋರ್ಜರಿ ಮೊಕದ್ದಮೆಯೂ ಆಗಿದೆ. ಗಂಡನನ್ನು ಕಳೆದುಕೊಂಡವಳು ಈಗ ಜೈಲಿಗೆ ಹೋಗುವುದೊಂದು ಬಾಕಿ. ಆಕೆ ಸಹಿ ಮಾಡಿಲ್ಲ ಎನ್ನಲು ಈ ಲೋಕದಲ್ಲಿರುವುದು ಒಂದೇ ಕಾಗದ, ‘ಖುದ್ದಾಗಿ ಕಂಡಿದ್ದೇನೆ’ ಎಂಬ ನನ್ನ ವರದಿ. ಸೋಮವಾರ ಹತ್ತೂವರೆಗೆ ಕೋರ್ಟಿನಲ್ಲಿ ನನ್ನ ಸಾಕ್ಷಿ.

ಶಾಂತಕುಮಾರರು ಹೋದ ವಾರ ತಾರ್ನಾಕದ ನಮ್ಮ ಮನೆಗೆ ಬಂದಿದ್ದರು. ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದರು. ‘ಕಲ್ಯಾಣಪ್ಪನೋರ, ನಾ ಅಲ್ಲಿಗೆ ಹೋಗೇ ಇಲ್ಲ, ಕಚೇರಿಯಾಗ ಕುಂತು ಬರದೆ ಅಂದುಬಿಡ್ರಿ. ಕಂಡೀನಿ ಅಂದ್ರ ನಿಮಗ ಹುಚ್ಚು ಅಂತಾರ. ನಮ್ಮ ಬಳಗದ ಫೈಲೂ ಹೊರಗ ಬರ್ತೈತಿ.’ ಇಂದಿನ ಈ ಶಾಲು, ಈ ಪೇಟ, ಎಲ್ಲವೂ ಅದಾದ ಮೇಲೆ ನಿಗದಿಯಾದದ್ದು. ನನ್ನ ಹೆಂಡತಿ ಗಿರಿಜಾಬಾಯಿ ಅಡುಗೆಮನೆಯಿಂದ ಕೇಳಿಸಿಕೊಂಡವಳು, ಅವರು ಹೋದ ಮೇಲೆ ಒಂದೇ ಮಾತಾಡಿದಳು. ‘ಉಪ್ಪು ತಿಂದವ್ರು ನೀರು ಕುಡೀಬೇಕು, ಹೋಗ್ರಿ.’

ಹೋಗುತ್ತೇನೆ. ಕಪಾಟಿನ ಮಾತನ್ನೂ ಹೇಳುತ್ತೇನೆ, ಒಂಬತ್ತು ದಿನದ ಮಾತನ್ನೂ ಹೇಳುತ್ತೇನೆ, ಮೂವತ್ತೊಂದು ಜನರನ್ನು ಕಂಡೆ ಎಂದೂ ಹೇಳುತ್ತೇನೆ. ಹುಚ್ಚನೆಂದರೆ ಎನ್ನಲಿ. ಸರ್ಕಾರ ಖುದ್ದಾಗಿ ಬಾ ಎಂದು ಬರೆದದ್ದಕ್ಕೆ ಸತ್ತವರೇ ಎದ್ದು ಬಂದು ಹಾಜರಿ ಹಾಕಿದ್ದಾರೆ. ಉಸಿರಾಡುತ್ತಿರುವ ನಾನು ಹೋಗದಿದ್ದರೆ ಹೇಗೆ?

ಶಿವದೇವಮ್ಮ ಇಲ್ಲೇ ಇದ್ದಾರೆ. ಕರೆಸಿದವನು ನಾನೇ. ಕುರ್ಚಿ ಕೊಟ್ಟರೂ ಕೂಡದೆ ಆ ಬಾಗಿಲಲ್ಲಿ ನಿಂತಿದ್ದಾರೆ. ತಾಯಿ, ಅಂದು ನಿಮಗೆ ಸುಳ್ಳು ಹೇಳಿದೆ, ತಪ್ಪಾಯಿತು. ಏಳನೇ ಹೆಸರು ಕರೆದಾಗ ನಿಮ್ಮ ಯಜಮಾನರು ಎದ್ದು ನಿಂತರು. ಬಿಳಿ ಅಂಗಿ ತೊಟ್ಟಿದ್ದರು, ಎಡಗೈಗೆ ತಾಮ್ರದ ಕಡಗ ಇತ್ತು. ನನ್ನ ಕಡೆ ನೋಡಿ, ‘ಸಾಹೇಬ್ರ, ಇಲ್ಲಿ ನೆಲದಾಗ ಇನ್ನೂ ಗಿರಣಿ ಧೂಳ ಐತ್ರಿ, ನಿಮಗ ಎದಿಗೆ ಹತ್ತೀತು, ಬಾಗಲ ಕಡೆ ಸರದು ಕುಂಡ್ರಿ’ ಎಂದರು. ಅಷ್ಟುದ್ದದ ಮಾತನ್ನು ಎಲ್ಲಿಯೂ ನಿಲ್ಲಿಸದೆ, ಒಂದೇ ಉಸಿರಿನಲ್ಲಿ ಹೇಳಿದರು, ತಾಯಿ.

ಇಷ್ಟು ಹೊತ್ತು ಕೇಳಿದಿರಿ, ಯಾರೂ ಎದ್ದು ಹೋಗಲಿಲ್ಲ. ಎಲ್ಲರಿಗೂ ನಾನು ಋಣಿ. ನಮಸ್ಕಾರ.