ಬಾಣಂತಿ ನೀರು

ಮಣಿಕಟ್ಟು ಉಳುಕಿಸಿಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ದರ್ಜಿ ಹೆಂಗಸಿಗೆ ನೋವಿನ ಮಾತ್ರೆಯಿಂದ ಮಂಪರು ಕವಿದಿತ್ತು. ಪಕ್ಕದಲ್ಲಿದ್ದ ಮುದುಕನ ಮಾತೂ ಆರೋಗ್ಯಾಧಿಕಾರಿಯ ಮಾತೂ ಬಾವಿಯ ತಳದಿಂದೆಂಬಂತೆ ತೇಲಿ ಬರುತ್ತಿದ್ದವು.

"ನಿಮ್ಮ ಬೀದೀಲಿ ಮನೆಮನೇಲೂ ವಾಂತಿಭೇದಿ. ನೀವು ಮಾತ್ರ ಗಟ್ಟಿಯಾಗಿದೀರಲ್ಲ, ಯಜಮಾನ್ರೇ?"

"ಗಟ್ಟಿಯಾಗಿರೋದೂ ತಪ್ಪಾ, ತಾಯಿ? ಒಳಗೆ ನನ್ನವಳು ಕಣ್ಣೇ ಬಿಡ್ತಿಲ್ಲ."

"ಅವರನ್ನ ಡಾಕ್ಟ್ರು ನೋಡ್ಕೋತಾರೆ. ಕಾಯಿಲೆ ಬೀಳದವರು ಯಾಕೆ ಬೀಳಲಿಲ್ಲ ಅಂತ ಕೇಳೋದು ನನ್ನ ಕೆಲಸ. ಇಬ್ಬರ ಊಟಾನೂ ಒಂದೇನಾ?"

"ಒಂದೇ ಪಾತ್ರೆ ಊಟ, ಒಂದೇ ನಲ್ಲಿ ನೀರು."

"ನೀರು ಕುಡಿಯೋದೂ ಒಂದೇ ಥರಾನಾ?"

ಮುದುಕ ನಾಚಿಕೊಂಡದ್ದು ದರ್ಜಿಗೆ ಕಣ್ಣು ಮುಚ್ಚಿದ್ದರೂ ಅವನ ದನಿಯಲ್ಲೇ ಗೊತ್ತಾಯಿತು.

"ನಂಗೆ ತಣ್ಣೀರಿಗೆ ಹಲ್ಲು ಜುಮ್ಮನ್ನುತ್ತೆ. ಕುದಿಸಿದ ಬಿಸಿನೀರೇ ಆಗ್ಬೇಕು. ಅದಕ್ಕೇ ಅವಳು ನನ್ನ 'ಬಾಣಂತೀ' ಅಂತ ಕೂಗ್ತಾಳೆ."

ಅಧಿಕಾರಿ ತಟ್ಟನೆ ಎದ್ದು ನಿಂತಳು.

"ನಿಮ್ಮ ಪಕ್ಕದ ಮನೇಲಿ ನಿಜವಾದ ಬಾಣಂತಿ ಇದಾಳೆ, ಯಜಮಾನ್ರೇ. ಅವಳಿಗೂ ಬಿಸಿನೀರೇ. ಆ ಮನೇಲಿ ಎಲ್ಲರೂ ಮಲಗಿದಾರೆ, ಅವಳೊಬ್ಬಳು ಆರಾಮಾಗಿದಾಳೆ."

ಅವಳು ಫೋನಿನಲ್ಲಿ, "ಆ ಬೀದಿಯ ನಲ್ಲಿ ನೀರು ಈಗಲೇ ನಿಲ್ಲಿಸಿ. ಪರೀಕ್ಷೆ ಆಮೇಲೆ ಮಾಡೋಣ," ಎನ್ನುತ್ತ ಮೆಟ್ಟಿಲಿಳಿಯತೊಡಗಿದಳು. ಮುದುಕ ಹಿಂದಿನಿಂದ ಕೂಗಿದ:

"ತಾಯೀ, ಬಿಸಿನೀರಿನ ವಿಷಯದಲ್ಲಿ ಗೆದ್ದಿದ್ದು ನಾನು ಅಂತ ಅವಳಿಗೆ ಹೇಳ್ಬೇಡಿ. ಕಣ್ಣು ಬಿಟ್ಟು ಇನ್ನೊಂದು ಸಲ ನನ್ನ 'ಬಾಣಂತೀ' ಅಂತ ಕೂಗ್ಲಿ, ಸಾಕು."

ಆಮೇಲೆ ಅವನ ಚಪ್ಪಲಿಯ ಸದ್ದು ವಾರ್ಡಿನ ಕಡೆ ಮೆಲ್ಲಗೆ ಸರಿದುಹೋಯಿತು.