ಹಿಂದಿನ ಗಾಡಿಯವಳ ಕೂಗು

ಒಂದೂರಲ್ಲಿ ಒಬ್ಬ ಸಾಹುಕಾರನಿದ್ದ. ಹೆಸರು ಬೇಡ. ಹೆಸರು ಹೇಳಿದರೆ ಅದು ಬೇರೆ ಯಾರದೋ ಕಥೆ ಎಂದು ನೀವು ಹಾಯಾಗಿ ಕೂತುಬಿಡುತ್ತೀರಿ.

ಆ ಊರಿನ ಗಾಡಿಗಳು ಬೇಸಿಗೆಯಲ್ಲಿ ಸಾಲುಗಟ್ಟಿ ಘಟ್ಟ ಇಳಿದು, ಜೋಳ ಕೊಟ್ಟು ಉಪ್ಪು ತರುತ್ತಿದ್ದವು. ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿನ ಗಾಡಿ ಒಬ್ಬ ರೈತನದು. ಅವನ ನಾಯಿ ಆ ಗಾಡಿಯ ಅಚ್ಚಿನ ಕೆಳಗೆ ನೆರಳು ಹಿಡಿದು ನಡೆಯುತ್ತಿತ್ತು. ಒಂದು ಮಳೆಗಾಲದಲ್ಲಿ ರೈತ ಜ್ವರ ಬಂದು ತೀರಿಕೊಂಡ. ಮುಂದಿನ ಬೇಸಿಗೆಗೆ ಅವನ ಹೆಂಡತಿ ತಾನೇ ಎತ್ತು ಹೂಡಿದಳು. ಹೂಡದೆ ಏನು ಮಾಡಬೇಕು? ಉಪ್ಪು ತಂದರೆ ಗಾಡಿ ಅವಳ ಕೈಯಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಮೈದುನ ಅದನ್ನು ಹೊಡೆದುಕೊಂಡು ಹೋಗುತ್ತಾನೆ, ಅವಳು ಅವನ ಮನೆಯ ಸೆಗಣಿ ಬಾಚುತ್ತ ಕೂರಬೇಕು.

ಸಾಹುಕಾರ ಹೇಳಿದ, “ಬಾ ಯವ್ವಾ, ಯಾರು ಬ್ಯಾಡಂದ್ರು? ಆದ್ರ ಎಲ್ಲಾರ ಹಿಂದ ಇರು. ಮುಂಜಾನೆದ್ದು ನಿನ್ನ ಮಾರಿ ಯಾರ ಕಣ್ಣಿಗೂ ಬೀಳಬಾರದು.”

“ಆತ್ರಿ ಸಾವ್ಕಾರ್ರ,” ಎಂದಳು.

ಮುಂದಿನ ಜಾಗಕ್ಕೆ ಸಾಹುಕಾರನ ಗಾಡಿ ಬಂತು. ನಾಯಿಗೆ ಏನು ಗೊತ್ತು? ಅದು ರೂಢಿಯಂತೆ ಮುಂದಿನ ಗಾಡಿಯ ಕೆಳಗೇ ಹೋಗಿ ಸೇರಿತು. “ಸತ್ತಾಂವ ನಮಗ ಕಾವಲು ಕೊಟ್ಟು ಹೋಗ್ಯಾನ,” ಎಂದು ಸಾಹುಕಾರ ನಕ್ಕು ರೊಟ್ಟಿ ಎಸೆದ.

ನೋಡಿ. ಸತ್ತವನ ನಾಯಿ ಶುಭ, ಸತ್ತವನ ಹೆಂಡತಿ ಅಶುಭ. ಒಂದೇ ಅಂಗಳದಲ್ಲಿ ಅವನ ಅನ್ನ ಉಂಡ ಎರಡು ಜೀವ. ಇದು ಯಾವ ಶಾಸ್ತ್ರ? ಇಷ್ಟು ವಯಸ್ಸಾಯಿತು, ನನಗಂತೂ ಯಾರೂ ತೋರಿಸಿಲ್ಲ.

ಬಿಡಾರ ಹೂಡಿದಾಗ ಮಾತ್ರ ನಾಯಿ ಹಿಂದಕ್ಕೆ ಬರುತ್ತಿತ್ತು. ದೂರದಲ್ಲಿ ಒಬ್ಬಳೇ ಒಲೆ ಹಚ್ಚಿದ ಅವಳ ಪಾದದ ಮೇಲೆ ತಲೆ ಇಟ್ಟು ಮಲಗುತ್ತಿತ್ತು. ಅವಳು ಅದರೊಂದಿಗೆ ಗಂಡನ ಮಾತಾಡುತ್ತಿದ್ದಳು. ಇನ್ನು ಯಾರೊಂದಿಗೆ ಆಡಬೇಕು?

ಘಟ್ಟದ ಇಳಿಜಾರು ಶುರುವಾಗುವಲ್ಲಿ, ದಾರಿಯ ಧೂಳಿನಲ್ಲಿ ಅವಳಿಗೆ ಒಂದು ಕಡಾಣಿ ಕಂಡಿತು. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಬಡಿಯುವ ಮೊಳೆ. ತಲೆಗೆ ಹಿತ್ತಾಳೆಯ ಟೊಪ್ಪಿಗೆ ಇತ್ತು. ಅಂಥದ್ದು ಇದ್ದದ್ದು ಸಾಹುಕಾರನ ಗಾಡಿಗೆ ಮಾತ್ರ. ಎತ್ತಿಕೊಂಡು ಕೂಗಿದಳು, “ಅಣ್ಣಾ, ನಿಂದರ್ರಿ, ಕಡಾಣಿ ಬಿದ್ದೈತಿ.”

ಹೊರಟಾಗ ಹಿಂದಿನಿಂದ ಕರೆಯಬಾರದು. ಕರೆದವಳೋ ಗಂಡ ಸತ್ತವಳು. “ಯಾರೂ ಹೊರಳಿ ನೋಡಬ್ಯಾಡ್ರಿ,” ಎಂದು ಸಾಹುಕಾರ ಎತ್ತಿನ ಬಾಲ ತಿರುಚಿದ. ಅವಳ ಮುಂದಿನ ಗಾಡಿಯಲ್ಲಿ ಇಬ್ಬರಿದ್ದರು.

“ಕಡಾಣಿ ಅಂತಾಳಲ್ಲೋ.”

“ಆಕೀದ ಇರಬೇಕು ಬಿಡು. ಮುಂದ ಬಿಡಾರದಾಗ ನೋಡೂಣು.”

ಇದನ್ನು ಇನ್ನೊಮ್ಮೆ ಹೇಳುತ್ತೇನೆ, ನಿದ್ದೆ ಮಾಡುವವರು ಏಳಿ. ಶಕುನಕ್ಕೆ ಹೆದರಿದವನನ್ನು ದಡ್ಡ ಎಂದು ಬಿಡಬಹುದು. ಇವರು ದಡ್ಡರಲ್ಲ. ಕಡಾಣಿ ಎಂಬ ಮಾತು ಕೇಳಿಸಿಕೊಂಡರು. ಅದು ಅವಳದೇ ಇರಬೇಕು ಎಂದುಕೊಂಡರು. ಅವಳ ಗಾಲಿ ತಾನೆ, ಉರುಳಲಿ ಎಂದು ಮುಂದೆ ಹೋದರು.

ಇಳಿಜಾರಿನಲ್ಲಿ ಸಾಹುಕಾರನ ಗಾಲಿ ಕಳಚಿತು. ಅವನು ಪೊದೆಗೆ ಜಿಗಿದ, ಮೈಗೆ ಗೀರು ಕೂಡ ಬೀಳಲಿಲ್ಲ. ಅಚ್ಚಿನ ಕೆಳಗಿದ್ದ ನಾಯಿಗೆ ಜಿಗಿಯಲು ಜಾಗವಿರಲಿಲ್ಲ.

ಅವಳು ಓಡಿ ಬಂದಳು. ಸಾಹುಕಾರ ಧೋತರದ ಮಣ್ಣು ಝಾಡಿಸುತ್ತ ಹೇಳಿದ ಮಾತು ಯಾವುದು ಗೊತ್ತೇ? “ನಾ ಮೊದಲ ಹೇಳಿದ್ದೆ. ಈಕಿ ಕಾಲ್ಗುಣ.”

ಅವಳು ಅವನ ಅಂಗೈ ಬಿಡಿಸಿ ಕಡಾಣಿ ಇಟ್ಟಳು. “ಇದನ್ನ ಕೊಡಾಕ ಕರದಿದ್ನಿ.”

ನಾಯಿಯನ್ನು ಗಂಡನ ಕಂಬಳಿಯಲ್ಲಿ ಸುತ್ತಿ, ದಾರಿಯ ಬದಿಗೆ ಮಣ್ಣು ಮಾಡಿದಳು. ಆಮೇಲೆ ತನ್ನ ಗಾಡಿಯನ್ನು ಎಲ್ಲರನ್ನೂ ದಾಟಿಸಿ ಮುಂದೆ ಹೊಡೆದು ನಿಲ್ಲಿಸಿದಳು. “ಗಾಲಿ ಹಾಕ್ಕೊಂಡು ಬರ್ರಿ. ನನ್ನ ಮಾರಿ ನೋಡಬಾರದಂದ್ರಲ್ಲ, ಬೆನ್ನ ನೋಡ್ಕೋತ ಬರ್ರಿ.”

ಆ ಸಲದ ಉಪ್ಪು ಅವಳ ಬೆನ್ನ ಹಿಂದೆಯೇ ಊರಿಗೆ ಬಂತು. ಗಾಡಿ ಕೇಳಲು ಮೈದುನನಿಗೆ ಬಾಯಿ ಬರಲಿಲ್ಲ.

ಆ ಸಾಹುಕಾರ ಸತ್ತು ಎಷ್ಟು ಕಾಲವಾಯಿತೋ. ಆದರೆ ಸತ್ತಿದ್ದಾನೆಯೇ? ಹೋದ ತಿಂಗಳು ಇದೇ ಊರಿನ ಮದುವೆಯಲ್ಲಿ ನಾನು ಉಂಡ ಲಾಡು ಕಟ್ಟಿದ ಕೈ ಯಾರದು? ಮದುಮಗನ ಅತ್ತಿಗೆಯದು, ಗಂಡನಿಲ್ಲದವಳದು. ಅಕ್ಷತೆಯ ಹೊತ್ತಿಗೆ ಆ ಕೈ ಎಲ್ಲಿತ್ತು? ಅಡುಗೆಮನೆಯಲ್ಲಿ, ಬಾಗಿಲು ಮುಂದಕ್ಕೆ ಮಾಡಿಕೊಂಡು. ಲಾಡಿಗೆ ಮೈಲಿಗೆ ಇಲ್ಲ, ಅಕ್ಕಿಕಾಳಿಗೆ ಇದೆಯೇ? ನೀವೂ ಆ ಸಾಹುಕಾರನಂತೆ ರೊಟ್ಟಿ ಎಸೆದು ನಗುವ ಜನ, ಅಷ್ಟೇ.

ನಾಳೆ ಮನೆಯಿಂದ ಹೊರಟಾಗ ಆ ಅಕ್ಕ, ಆ ಅತ್ತಿಗೆ, ನಿಮ್ಮನ್ನು ಹೆತ್ತ ಆ ತಾಯಿ ಹಿಂದಿನಿಂದ ಕರೆದರೆ ನಿಲ್ಲಿ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಏನವ್ವಾ ಎಂದು ಕೇಳಿ. ಅವಳ ಕೈಯಲ್ಲಿರುವುದು ನಿಮ್ಮ ಕಡಾಣಿ ಇರಬಹುದು. ಅವಳದೇ ಆಗಿದ್ದರೂ ನಿಲ್ಲಿ. ಅವಳದಾಗಿದ್ದರೆ ಮೊದಲು ನಿಲ್ಲಿ. ನಿಮ್ಮ ಮನೆಯಲ್ಲಿ ಇನ್ನು ಆಗುವ ಮದುವೆಯಲ್ಲಿ ಮೊದಲ ಅಕ್ಷತೆ ಅವಳ ಕೈಯಿಂದ ಬೀಳಲಿ.

ಕೀರ್ತನೆ ಮುಗಿಯಿತು, ಈಗ ಮಂಗಳಾರತಿ. ಆ ಹಿಂದಿನ ಕಂಬದ ಮರೆಯಲ್ಲಿ ಕೆಲವು ತಾಯಂದಿರು ಕೂತಿದ್ದಾರೆ. ಅವರನ್ನು ಅಲ್ಲಿ ಕೂರಿಸಿದವರೇ ಎದ್ದು ಹೋಗಿ ಕರೆತನ್ನಿ. ಅವರು ಮುಂದೆ ಬಂದ ಮೇಲೆ ದೀಪ ಹಚ್ಚುತ್ತೇನೆ. ನನಗೆ ಅವಸರವಿಲ್ಲ, ಕಾಯುತ್ತೇನೆ.