ಹರಟೆಯ ದೂರು

ಬಸ್‌ಸ್ಟಾಪಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅಜ್ಜಿಯ ಕಿವಿಗೆ ಪಕ್ಕದ ಅಕ್ಕತಂಗಿಯರ ಮಾತು ತಾನಾಗಿಯೇ ಬಿತ್ತು. ತಂಗಿ ಆಗತಾನೇ ಮಗಳ ಶಾಲೆಯಿಂದ ಬಂದಿದ್ದಳು.

"ಯಾಕೆ ಕರೆಸಿದ್ರಂತೆ? ಕಿವಿ ಕೇಳದ ಮಗೂನ ಎಲ್ಲರ ಜೊತೆ ಕೂರಿಸಬೇಡ, ಒಂಟಿಯಾಗ್ತಾಳೆ ಅಂತ ಆಗಲೇ ಬಡ್ಕೊಂಡೆ. ಹಾಸ್ಟೆಲ್ ಇರೋ ಆ ಕಿವುಡ ಮಕ್ಕಳ ಶಾಲೆಗೇ ಕಳಿಸಿಬಿಡು."

"ದೂರು ಹೇಳೋಕೆ ಕರೆಸಿದ್ರು, ಅಕ್ಕ."

"ಏನಂತೆ?"

"ಪಾಠದ ಮಧ್ಯೆ ಹರಟೆ ಹೊಡೀತಾಳಂತೆ."

"ಯಾರು, ನಮ್ಮ ಪುಟ್ಟೀನಾ? ಬಾಯೇ ಬಿಡದವಳು!"

"ಕೈಯಲ್ಲಿ ಕಣೇ. ಅವಳ ಸನ್ನೆ ಮಾತನ್ನ ಕ್ಲಾಸಿಗೆ ಕ್ಲಾಸೇ ಕಲಿತುಬಿಟ್ಟಿದೆ. ಟೀಚರ್ ಬೋರ್ಡಿನ ಕಡೆ ತಿರುಗಿದ್ರೆ ಸಾಕು, ಸದ್ದಿಲ್ಲದೆ ಸಂತೆ."

ಅಜ್ಜಿ ಕಣ್ಣು ತೆರೆದಳು.

"ಅವರಿಗೆಲ್ಲ ಕಲಿಸಿದ್ದು ಯಾರು?" ಅಕ್ಕ ಕೇಳಿದಳು.

"ಇವಳೇ! ಕಿಟಕಿಯಿಂದ ನಾನೇ ನೋಡಿದೆ. ಹಿಂದಿನ ಬೆಂಚಿನವಳು ಕೈಯಲ್ಲೇ ಏನೋ ಜೋಕು ಹೇಳಿದ್ಲು. ಪುಟ್ಟಿ ಹೊಟ್ಟೆ ಹಿಡ್ಕೊಂಡು ನಕ್ಕಳು. ಮನೇಲಿ ನಾವು ಯಾವತ್ತಾದ್ರೂ ಅವಳನ್ನ ಹಾಗೆ ನಗಿಸಿದ್ದೀವಾ?"

ಅಕ್ಕ ತಂಗಿಯ ಹತ್ತಿರಕ್ಕೆ ಸರಿದು ಕೂತಳು.

"ಟೀಚರಿಗೆ ಏನಂದೆ?"

"ಬೈದು ಬುದ್ಧಿ ಹೇಳ್ತೀನಿ ಅಂದೆ. ಗೇಟಿನ ಹತ್ರ ಬಂದು ಅತ್ತುಬಿಟ್ಟೆ."

"ಹುಚ್ಚಿ. ಬೈದೀಯ, ಜೋಕೆ!" ಅಕ್ಕ ತನ್ನ ಕೈಯಿಂದಲೇ ತಂಗಿಯ ಕೆನ್ನೆ ಒರೆಸಿದಳು. "ಹಾಸ್ಟೆಲ್ ಮಾತು ಇನ್ನು ನಾನೆತ್ತಲ್ಲ."

ಅಕ್ಕನ ಬಸ್ಸು ಬಂತು. ಮೆಟ್ಟಿಲೇರಿದ ಅಕ್ಕ ಥಟ್ಟನೆ ತಿರುಗಿದಳು.

"'ನಾಳೆ ಬರ್ತೀನಿ' ಅಂತ ಅವಳಿಗೆ ಹೇಗೆ ಹೇಳೋದು? ಬೇಗ ತೋರಿಸೇ!"

ತಂಗಿ ಕೆಳಗೆ ನಿಂತು ಕೈಯಾಡಿಸಿ ತೋರಿಸಿದಳು. ಬಸ್ಸು ಹೊರಟು ತಿರುವು ದಾಟುವವರೆಗೂ ಕಿಟಕಿಯಲ್ಲಿ ಅಕ್ಕನ ಕೈಗಳು ಅದನ್ನೇ ಮತ್ತೆ ಮತ್ತೆ, ತೊದಲು ತೊದಲಾಗಿ ಹೇಳುತ್ತಿದ್ದವು.